ನನ್ನ ತಪ್ಪನ್ನು ಮರೆತ ಆಟ

ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾನು ಒಬ್ಬ ಸಭ್ಯ ಮನುಷ್ಯನಿಗೆ ಪಟ್ಟ ಕಟ್ಟಿದೆ. ಅದು ತಪ್ಪಾಯಿತೆಂದು ತಿಳಿಯಲು ಒಂದು ವಾರ ಹಿಡಿಯಿತು.

ಆ ಮನುಷ್ಯನ ಹೆಸರು ಹ್ಯಾರೋಮಾಂಟ್. ಅವನಿದ್ದದ್ದು ಓರ್ಜಮಾರ್ ಎಂಬ ನೆಲದಡಿಯ ನಗರದಲ್ಲಿ. ಓರ್ಜಮಾರ್ ಇದ್ದದ್ದು ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಎಂಬ ಕಂಪ್ಯೂಟರ್ ಆಟದಲ್ಲಿ. ಆ ಕಂಪ್ಯೂಟರ್ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಹೊಸದು ಕೊಂಡ ಮೇಲೆ ಊರಿಗೆ ತಂದಿಟ್ಟ ಹಳೆಯದು. ಕರೆಂಟು ಇದ್ದಾಗ ಮಾತ್ರ ಆಟ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಪಕ್ಕದಲ್ಲಿ ಒಂದು ಇಂಗ್ಲಿಷ್-ಕನ್ನಡ ನಿಘಂಟು ಇರುತ್ತಿತ್ತು. “ಕತ್ತಿ ಬೀಸೋ ಆಟಕ್ಕೆ ನಿಘಂಟು ಯಾಕೋ ಬೇಕು?” ಎಂದು ಅಣ್ಣ ನಗುತ್ತಿದ್ದ. ಆದರೆ ಈ ಆಟದಲ್ಲಿ ಕತ್ತಿ ಬೀಸುವುದಕ್ಕಿಂತ ಮಾತು ಆಡುವುದೇ ಹೆಚ್ಚು. ಎದುರಿನವನು ಒಂದು ಮಾತು ಹೇಳುತ್ತಾನೆ. ಪರದೆಯ ಕೆಳಗೆ ನಾಲ್ಕೈದು ಉತ್ತರಗಳು ಬರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿದರೆ ಅದೇ ನಿಮ್ಮ ಮಾತು. ಅರ್ಥವಾಗದೆ ಆರಿಸಿದರೂ ನಿಮ್ಮದೇ.

ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 31ರಂದು, ಆ ಸರಣಿಯ ನಾಲ್ಕನೆಯ ಆಟ ‘ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್’ ಬಂತು. ಬೆಲೆ ಇಳಿಯುವವರೆಗೆ ಕಾದು ಆಡಿದೆ. ಮುಗಿಸಿದೆ. ಬೇಸರವಾಯಿತು. ಆಟಗಳ ಬಗ್ಗೆ ಬೇಸರಪಟ್ಟುಕೊಳ್ಳುವುದು ಅಭಿಮಾನಿಗಳ ನಿತ್ಯದ ಕೆಲಸ, ಅದಕ್ಕೊಂದು ಲೇಖನ ಬೇಕಿಲ್ಲ. ಆದರೆ ಈ ಬೇಸರ ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ವಿಷಯಕ್ಕೆ ಹತ್ತಿರದ್ದು. ಕಥೆ ಕೇಳುವವನಿಗೂ ಕಥೆಗೂ ಇರುವ ಋಣ ಎಂಥದ್ದು? ಅದನ್ನು ಕಥೆಗಾರ ಏಕಪಕ್ಷೀಯವಾಗಿ ಮನ್ನಾ ಮಾಡಬಹುದೇ? ಹಾಗಾಗಿ ಈ ಆಟಗಳನ್ನು ಎಂದೂ ಆಡದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ವೇಲ್‌ಗಾರ್ಡ್‌ನ ಕೊನೆಯನ್ನು ಹೇಳದೆ ಈ ಮಾತು ಆಡಲಾಗದು. ಅದನ್ನು ಆಡಬೇಕೆಂದಿರುವವರು ಆಡಿ ಬಂದು ಓದಿದರೆ ಒಳ್ಳೆಯದು.

*

ಮೊದಲು ಸರಣಿಯ ಪರಿಚಯ. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಕಂಪನಿ ತಯಾರಿಸಿದ ‘ಒರಿಜಿನ್ಸ್’ 2009ರ ನವೆಂಬರಿನಲ್ಲಿ ಬಂತು. 2011ರಲ್ಲಿ ‘ಡ್ರ್ಯಾಗನ್ ಏಜ್ 2’, 2014ರಲ್ಲಿ ‘ಇನ್ಕ್ವಿಸಿಷನ್’, ಹತ್ತು ವರ್ಷ ಬಿಟ್ಟು ‘ವೇಲ್‌ಗಾರ್ಡ್’. ಎಲ್ಲವೂ ನಡೆಯುವುದು ಥೀಡಸ್ ಎಂಬ ಕಲ್ಪಿತ ಭೂಖಂಡದಲ್ಲಿ. ಅಲ್ಲಿ ಮನುಷ್ಯರಿದ್ದಾರೆ, ಎಲ್ಫ್‌ಗಳಿದ್ದಾರೆ, ನೆಲದಡಿ ಕುಬ್ಜರಿದ್ದಾರೆ, ಮಾಂತ್ರಿಕರಿದ್ದಾರೆ. ಇಷ್ಟು ಹೇಳಿದರೆ ಟೋಲ್ಕಿನ್‌ನ ಅಂಗಡಿಯಿಂದ ತಂದ ಸಾಮಾನು ಅನ್ನಿಸುತ್ತದೆ, ನಿಜ. ಆದರೆ ಒರಿಜಿನ್ಸ್ ಬರೆದವರು ಆ ಸಾಮಾನನ್ನು ತಲೆಕೆಳಗು ಮಾಡಿದ್ದರು. ಟೋಲ್ಕಿನ್‌ನಲ್ಲಿ ಎಲ್ಫ್‌ಗಳು ಅಮರರು, ಕುಲೀನರು. ಇಲ್ಲಿ ಅವರು ರಾಜ್ಯ ಕಳೆದುಕೊಂಡವರು. ಕಾಡಿನಲ್ಲಿ ಅಲೆಯಬೇಕು, ಇಲ್ಲವೇ ಮನುಷ್ಯರ ಪಟ್ಟಣಗಳಲ್ಲಿ ಗೋಡೆ ಕಟ್ಟಿ ಪ್ರತ್ಯೇಕಿಸಿದ ಕೇರಿಯಲ್ಲಿ ಬದುಕಬೇಕು. ಮಾಂತ್ರಿಕರು ಹುಟ್ಟಿನಿಂದ ಅಪಾಯಕಾರಿಗಳೆಂದು ಗೋಪುರಗಳಲ್ಲಿ ಕಾವಲಿನಲ್ಲಿರುವವರು. ಕುಬ್ಜರದ್ದು ಜಾತಿ ಸಮಾಜ.

‘ಜಾತಿ’ ಎಂಬುದು ನಾನು ನಮ್ಮೂರಿನಿಂದ ತಂದು ಅಂಟಿಸಿದ ಮಾತಲ್ಲ, ಆಟವೇ ‘ಕ್ಯಾಸ್ಟ್’ ಎಂದು ಕರೆಯುತ್ತದೆ. ಕುಲೀನರು, ಯೋಧರು, ಕಮ್ಮಾರರು, ವ್ಯಾಪಾರಿಗಳು, ಆಳುಗಳು ಎಂಬ ಶ್ರೇಣಿ. ಮಗನಿಗೆ ಅಪ್ಪನ ಜಾತಿ, ಮಗಳಿಗೆ ಅಮ್ಮನ ಜಾತಿ. ಎಲ್ಲಕ್ಕಿಂತ ಕೆಳಗೆ, ಲೆಕ್ಕದ ಹೊರಗೆ, ಜಾತಿಯೇ ಇಲ್ಲದವರು. ಅವರ ಮುಖದ ಮೇಲೆ ಹುಟ್ಟಿನಲ್ಲೇ ಗುರುತು ಹಾಕುತ್ತಾರೆ. ಅವರು ಇರುವುದು ಡಸ್ಟ್ ಟೌನ್ ಎಂಬ ಪಾಳುಕೇರಿಯಲ್ಲಿ. ಯಾವ ಕಸುಬನ್ನೂ ಕಾನೂನು ಪ್ರಕಾರ ಮಾಡುವಂತಿಲ್ಲ. ಆಯುಧ ಹಿಡಿಯುವುದು ಅಪರಾಧ.

ಈ ನಗರಕ್ಕೆ ನೀವು ಸೈನ್ಯ ಕೇಳಲು ಬರುತ್ತೀರಿ. ಮೇಲಿನ ಲೋಕವನ್ನು ಬ್ಲೈಟ್ ಎಂಬ ಮಾರಿ ಮುತ್ತಿದೆ, ಅದನ್ನು ತಡೆಯುವ ಗ್ರೇ ವಾರ್ಡನ್ ಪಡೆಯಲ್ಲಿ ಉಳಿದಿರುವವರು ನೀವು ಮತ್ತು ಇನ್ನೊಬ್ಬ. ಆದರೆ ಓರ್ಜಮಾರ್‌ನ ರಾಜ ಸತ್ತಿದ್ದಾನೆ. ಸಭೆ ಎರಡಾಗಿ ಒಡೆದಿದೆ. ಒಂದು ಕಡೆ ರಾಜನ ಕಿರಿಯ ಮಗ ಬೇಲೆನ್. ಅಣ್ಣನನ್ನು ಕೊಲ್ಲಿಸಿದನೆಂಬ ಗುಸುಗುಸು ಅವನ ಹಿಂದಿದೆ, ಅದು ನಿಜವೂ ಹೌದು. ನಿಮಗೆ ಅವನು ಕೊಡುವ ಮೊದಲ ಕೆಲಸವೇ ಎದುರಾಳಿಯ ಹೆಸರು ಕೆಡಿಸುವ ಸುಳ್ಳು ದಾಖಲೆಗಳನ್ನು ಹಂಚುವುದು. ಇನ್ನೊಂದು ಕಡೆ ಹ್ಯಾರೋಮಾಂಟ್. ವಯಸ್ಸಾದವನು, ಮೆದು ಮಾತಿನವನು, ಸಾಯುವ ರಾಜನಿಗೆ ಮಾತು ಕೊಟ್ಟವನು. ಕಿರೀಟ ನಿಮ್ಮ ಕೈಗೆ ಬರುತ್ತದೆ. ಯಾರ ತಲೆಯ ಮೇಲೆ ಇಡುತ್ತೀರಿ?

ಹದಿನೇಳರ ನನಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಅಣ್ಣನನ್ನು ಕೊಂದವನಿಗೆ ಯಾರು ಪಟ್ಟ ಕಟ್ಟುತ್ತಾರೆ? ಹ್ಯಾರೋಮಾಂಟ್‌ಗೆ ಕೊಟ್ಟೆ. ಸೈನ್ಯ ಸಿಕ್ಕಿತು, ಮುಂದೆ ಹೋದೆ, ಆಟ ಗೆದ್ದೆ. ಗೆದ್ದ ಮೇಲೆ ಒರಿಜಿನ್ಸ್ ಒಂದು ಕೆಲಸ ಮಾಡುತ್ತದೆ: ನೀವು ಹೋದಲ್ಲೆಲ್ಲ ಆಮೇಲೆ ಏನಾಯಿತು ಎಂದು ಒಂದೊಂದು ಪುಟದಲ್ಲಿ ಹೇಳುತ್ತದೆ. ಹಿನ್ನೆಲೆಯಲ್ಲಿ ಒಂದು ಚಿತ್ರ, ಕೆಳಗೆ ಕೆಲವು ಸಾಲು. ಓರ್ಜಮಾರ್‌ನ ಪುಟ ಬಂತು. ಹ್ಯಾರೋಮಾಂಟ್ ಮೇಲಿನ ಲೋಕದೊಂದಿಗಿನ ಬಾಗಿಲು ಮುಚ್ಚಿಸಿದ. ಜಾತಿಯ ಕಟ್ಟು ಇನ್ನೂ ಬಿಗಿಯಾಯಿತು. ಸಂಪ್ರದಾಯದ ಹೆಸರಿನಲ್ಲಿ ಜಾತಿಯಿಲ್ಲದವರ ಬದುಕು ಮತ್ತಷ್ಟು ಕಿರಿದಾಯಿತು. ಬೇಲೆನ್‌ಗೆ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಹಿಂದಕ್ಕೆ ಹೋಗಿ ಆಡಿ ನೋಡಿದೆ. ಆ ಕೊಲೆಗಡುಕ ಪಟ್ಟಕ್ಕೆ ಬಂದ ಕ್ಷಣವೇ ಹ್ಯಾರೋಮಾಂಟ್‌ನನ್ನು ಕೊಲ್ಲಲು ಆಜ್ಞೆ ಕೊಡುತ್ತಾನೆ. ಆಮೇಲೆ ವ್ಯಾಪಾರದ ಬಾಗಿಲು ತೆರೆಯುತ್ತಾನೆ. ಆಯುಧ ಹಿಡಿದು ಹೋರಾಡಲು ಬಂದ ಜಾತಿಯಿಲ್ಲದವರಿಗೆ ಹಕ್ಕು ಕೊಡುತ್ತಾನೆ.

ನಮ್ಮದು ಮೇಲ್ಜಾತಿಯ ಮನೆ. ಅಜ್ಜ ಊರಿಗೆ ದೊಡ್ಡ ಮನುಷ್ಯ. ಜಗಳಗಳು ನಮ್ಮ ಜಗಲಿಗೆ ಬರುತ್ತಿದ್ದವು, ನ್ಯಾಯವಾಗಿಯೇ ಬಗೆಹರಿಯುತ್ತಿದ್ದವು. ಅಜ್ಜ ಯಾರಿಗೂ ಏಕವಚನದಲ್ಲಿ ಗದರಿದ್ದನ್ನು ನಾನು ಕೇಳಿಲ್ಲ. ಆಟ ಮುಗಿಸಿದ ಮಾರನೆಯ ಬೆಳಿಗ್ಗೆ ತೋಟದ ಕೆಲಸಕ್ಕೆ ಬಂದವರಿಗೆ ಅಮ್ಮ ಕಾಫಿ ಕೊಡುತ್ತಿದ್ದಳು. ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಅವರ ಲೋಟಗಳು ಇರುತ್ತಿದ್ದವು. ಅವರೇ ತೊಳೆದು ಅಲ್ಲೇ ಇಡಬೇಕು. ಹುಟ್ಟಿದಾಗಿನಿಂದ ಆ ಲೋಟಗಳನ್ನು ನೋಡಿದ್ದೆ. ಅವತ್ತು ಅಜ್ಜ ಎಷ್ಟು ಮೃದುವಾಗಿ, ಎಷ್ಟು ಮರ್ಯಾದೆಯಿಂದ ಅವರ ಹತ್ತಿರ ಮಾತಾಡುತ್ತಿದ್ದಾರೆ ಎಂಬುದನ್ನು ಕೇಳುತ್ತಾ ನಿಂತಿದ್ದೆ. ಹ್ಯಾರೋಮಾಂಟ್‌ನ ದನಿ ಯಾಕೆ ನನಗೆ ಅಷ್ಟು ಪರಿಚಿತ ಅನ್ನಿಸಿತ್ತೆಂದು ಆಗ ಗೊತ್ತಾಯಿತು.

ಕಂಪ್ಯೂಟರ್ ಆಟ ಆಡಿ ಜಾತಿಯನ್ನು ಅರ್ಥ ಮಾಡಿಕೊಂಡೆ ಎಂದರೆ ನಗೆಪಾಟಲು. ಅದು ಹಾಗಾಗಲಿಲ್ಲ. ಮುಂದೆ ಪದವಿಯಲ್ಲಿ ‘ಊರುಕೇರಿ’ ಓದಿದೆ, ‘ಕುಸುಮಬಾಲೆ’ ಓದಿದೆ. ನನಗೆ ತಿಳಿದಿರುವುದರಲ್ಲಿ ಹೆಚ್ಚಿನದು ಅಲ್ಲಿಂದಲೇ ಬಂದದ್ದು. ಆದರೆ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಪುಸ್ತಕ ಓದುವಾಗ ನಾನು ನೊಂದವರ ಪಕ್ಕದಲ್ಲಿ ಬಿಟ್ಟಿಯಾಗಿ ನಿಲ್ಲಬಹುದು. ಪುಟ ತಿರುವಿದರೆ ಸಾಕು, ನನ್ನ ಸಹಾನುಭೂತಿಗೆ ಯಾರೂ ಬೆಲೆ ಕೇಳುವುದಿಲ್ಲ. ಆಟ ನನ್ನನ್ನು ಹಾಗೆ ನಿಲ್ಲಲು ಬಿಡಲಿಲ್ಲ. ಕಿರೀಟ ಇಟ್ಟ ಕೈ ನನ್ನದು. ಒಳ್ಳೆಯತನವೆಂದರೆ ಏನೆಂದು ನಾನು ಮನೆಯಲ್ಲಿ ಕಲಿತಿದ್ದೆನೋ ಅದನ್ನೇ ಬಳಸಿ ನಾನು ತಪ್ಪು ಮಾಡಿದ್ದೆ. ಈ ಸಾಧ್ಯತೆ ಕಾದಂಬರಿಗೆ ಇಲ್ಲ, ನಾಟಕಕ್ಕೂ ಇಲ್ಲ. ಪಾತ್ರ ವಹಿಸಿ ಆಡುವ ಆಟಕ್ಕೆ ಮಾತ್ರ ಇದೆ. ರೋಲ್-ಪ್ಲೇಯಿಂಗ್ ಗೇಮ್‌ಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನಾನು ಹಟ ಹಿಡಿಯುವುದು ಈ ಒಂದು ಕಾರಣಕ್ಕೆ.

*

ಸರಣಿಯ ಮುಂದಿನ ಆಟಗಳು ಈ ಆಯ್ಕೆಗಳನ್ನು ನೆನಪಿಟ್ಟುಕೊಂಡವು. ಅದೇ ಡ್ರ್ಯಾಗನ್ ಏಜ್‌ನ ಹೆಮ್ಮೆ. ಹಿಂದಿನ ಆಟದ ಕಡತವನ್ನು ಮುಂದಿನ ಆಟಕ್ಕೆ ತರಬಹುದಿತ್ತು. 2014ರಲ್ಲಿ ಅದಕ್ಕಾಗಿಯೇ ‘ಡ್ರ್ಯಾಗನ್ ಏಜ್ ಕೀಪ್’ ಎಂಬ ತಾಣ ಮಾಡಿದರು. ಹಿಂದಿನ ಎರಡು ಆಟಗಳಲ್ಲಿ ನೀವು ಮಾಡಿದ ನೂರಾರು ನಿರ್ಧಾರಗಳನ್ನು ಅಲ್ಲಿ ಒಂದು ನೇಯ್ಗೆಯ ಚಿತ್ರದ ಹಾಗೆ ಗುರುತಿಸಿ ಮೂರನೆಯ ಆಟಕ್ಕೆ ಒಪ್ಪಿಸಬಹುದಿತ್ತು.

ಒಂದೇ ಉದಾಹರಣೆ ಕೊಡುತ್ತೇನೆ. ಒರಿಜಿನ್ಸ್‌ನ ಕೊನೆಯ ಯುದ್ಧದ ಹಿಂದಿನ ರಾತ್ರಿ ಮಾರಿಗನ್ ಎಂಬ ಮಾಟಗಾತಿ ನಿಮ್ಮ ಕೋಣೆಗೆ ಬರುತ್ತಾಳೆ. ಮಾರಿಯನ್ನು ಕೊಲ್ಲುವ ವಾರ್ಡನ್ ತಾನೂ ಸಾಯಬೇಕು ಎಂಬುದು ಆಗಷ್ಟೇ ನಿಮಗೆ ತಿಳಿದಿದೆ. ಸಾವು ತಪ್ಪಿಸುವ ಒಂದು ದಾರಿ ಇದೆ ಎನ್ನುತ್ತಾಳೆ: ತನಗೊಂದು ಮಗು ಬೇಕು, ಸಾಯುವ ದೈವದ ಜೀವ ಆ ಮಗುವನ್ನು ಸೇರುತ್ತದೆ. ಆ ಮಗು ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ನಾನು ಸಾಯಲು ಹೆದರಿ ಒಪ್ಪಿದೆ. ಐದು ವರ್ಷಗಳ ನಂತರ ಬಂದ ಇನ್ಕ್ವಿಸಿಷನ್‌ನಲ್ಲಿ ಮಾರಿಗನ್ ಬಂದಳು. ಅವಳ ಜೊತೆ ಸುಮಾರು ಹತ್ತು ವರ್ಷದ ಹುಡುಗ, ಕೀರನ್. ಮೆತ್ತಗೆ ಮಾತಾಡುವ, ವಿಚಿತ್ರ ಮಾತುಗಳನ್ನಾಡುವ ಹುಡುಗ. ತಾಯಿ ಎಂಬ ಮಾತೇ ಹೊಂದದಂತಿದ್ದ ಮಾರಿಗನ್ ಅವನ ಮುಂದೆ ಬೇರೆಯೇ ಹೆಂಗಸು. ನನ್ನ ಹೆದರಿಕೆಗೆ ಮುಖ ಬಂದಿತ್ತು, ಹೆಸರು ಬಂದಿತ್ತು. ಮಾರಿಗನ್‌ಗೆ ‘ಇಲ್ಲ’ ಎಂದಿದ್ದವರ ಆಟದಲ್ಲಿ, ಅವಳನ್ನು ಪ್ರೀತಿಸಿರದಿದ್ದರೆ, ಆ ಹುಡುಗ ಇರುವುದೇ ಇಲ್ಲ.

ವೇಲ್‌ಗಾರ್ಡ್‌ನಲ್ಲಿ ಮಾರಿಗನ್ ಮತ್ತೆ ಬರುತ್ತಾಳೆ. ಸುಂದರವಾಗಿ ಬಂದು, ಬೇಕಾದ ಮಾಹಿತಿ ಕೊಟ್ಟು ಹೋಗುತ್ತಾಳೆ. ಕೀರನ್ ಸುದ್ದಿಯೇ ಇಲ್ಲ. ಇದ್ದಾನೆ ಎಂದಾಗಲಿ, ಸತ್ತ ಎಂದಾಗಲಿ ಒಂದು ಮಾತಿಲ್ಲ.

ಆಟದ ಆರಂಭದಲ್ಲಿ ಹಿಂದಿನದರ ಬಗ್ಗೆ ವೇಲ್‌ಗಾರ್ಡ್ ಕೇಳುವುದು ಮೂರೇ ಪ್ರಶ್ನೆ. ಇನ್ಕ್ವಿಸಿಷನ್‌ನ ನಾಯಕ ಯಾರನ್ನು ಪ್ರೀತಿಸಿದ? ಕೊನೆಗೆ ತನ್ನ ಪಡೆಯನ್ನು ವಿಸರ್ಜಿಸಿದನೇ ಇಲ್ಲವೇ? ಸೋಲಸ್‌ನನ್ನು ಹೇಗಾದರೂ ತಡೆಯುತ್ತೇನೆಂದು ಪಣ ತೊಟ್ಟನೇ, ಅಥವಾ ತಿದ್ದುತ್ತೇನೆಂದೇ? ಮೂರೂ ಮೂರನೆಯ ಆಟಕ್ಕೆ ಸಂಬಂಧಿಸಿದವು. ಮೊದಲ ಎರಡು ಆಟಗಳ ಬಗ್ಗೆ ಒಂದೂ ಇಲ್ಲ. ಓರ್ಜಮಾರ್‌ಗೆ ಯಾರು ರಾಜ ಎಂದು ಯಾರೂ ಕೇಳಲಿಲ್ಲ. ಕಥೆ ಈಗ ಖಂಡದ ಉತ್ತರಕ್ಕೆ ಹೋಗಿದೆ, ದಕ್ಷಿಣದ ಸಂಗತಿಗಳು ಅಲ್ಲಿಗೆ ಬೇಕಿಲ್ಲ ಎಂಬುದು ಇದಕ್ಕೆ ಸಿಗುವ ಸಮಜಾಯಿಷಿ. ಒಪ್ಪಬಹುದಿತ್ತು. ಆದರೆ ಆಟದ ನಡುವೆ ದಕ್ಷಿಣದಿಂದ ಪತ್ರಗಳು ಬರುತ್ತವೆ. ನಾವು ಮೂರು ಆಟಗಳಲ್ಲಿ ಉಳಿಸಿದ ನಾಡುಗಳನ್ನು ಬ್ಲೈಟ್ ನುಂಗುತ್ತಿದೆ ಎಂದು ಆ ಪತ್ರಗಳು ತಿಳಿಸುತ್ತವೆ. ಅಂದರೆ ದಕ್ಷಿಣವನ್ನು ಕೈಬಿಟ್ಟದ್ದಷ್ಟೇ ಅಲ್ಲ, ಟಪಾಲಿನಲ್ಲಿ ಸುಟ್ಟುಹಾಕಿದ್ದಾರೆ. ಅಲ್ಲಿ ಯಾರು ಆಳುತ್ತಿದ್ದರು ಎಂಬ ಪ್ರಶ್ನೆ ಇನ್ನು ಯಾರಿಗೂ ಬೇಕಿಲ್ಲ.

*

ಹಳೆಯದನ್ನು ಮುರಿಯಬಾರದು ಎಂಬುದು ನನ್ನ ವಾದವಲ್ಲ. ಕನ್ನಡ ಓದಿದವರು ಹಾಗೆ ವಾದಿಸುವುದು ಕಷ್ಟ. ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ವ್ಯಾಸಭಾರತದ ಬೆನ್ನೆಲುಬಿಗೇ ಕೈ ಹಾಕಿದಂತೆ ಅದು. ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಹೊಂದಿಸಬೇಕಾದ ಒತ್ತಡವೂ ಅದರ ಹಿಂದಿತ್ತು. ಆ ಬದಲಾವಣೆಯಿಂದ ಮುಂದೆ ದ್ಯೂತದಲ್ಲಿ, ಭೀಮನ ಪ್ರತಿಜ್ಞೆಯಲ್ಲಿ ಎದ್ದ ತೊಡಕುಗಳನ್ನು ನಮ್ಮ ವಿಮರ್ಶಕರು ಹುಡುಕಿ ಹುಡುಕಿ ತೋರಿಸಿದ್ದಾರೆ. ಆದರೂ ಪಂಪನ ಮೇಲೆ ನಮಗೆ ಮುನಿಸಿಲ್ಲ. ಯಾಕೆಂದರೆ ಅವನು ಹಳೆಯ ಕಥೆಯನ್ನು ಮರೆತು ಬದಲಿಸಲಿಲ್ಲ. ಕೇಳುಗರಿಗೆ ವ್ಯಾಸರ ಕಥೆ ಗೊತ್ತಿದೆ ಎಂಬ ಅರಿವಿನಲ್ಲೇ ಬರೆದ. ನಾಯಕ ಅರ್ಜುನನಾದರೂ ಕರ್ಣನ ಭಾರವನ್ನು ಇಳಿಸಲಿಲ್ಲ, ಇನ್ನಷ್ಟು ಹೆಚ್ಚಿಸಿದ. ಹೊಸ ಕವಿ ಹಳೆಯ ಕಥೆಯನ್ನು ಎಷ್ಟು ಬೇಕಾದರೂ ತಿರುಚಬಹುದು. ಹಾಗೆ ತಿರುಚುವಾಗ ಅದರ ಅತಿ ಕಷ್ಟದ ಜಾಗದಿಂದ ಓಡಿಹೋಗಬಾರದು, ಅಷ್ಟೆ.

ವೇಲ್‌ಗಾರ್ಡ್ ಓಡಿಹೋದ ಜಾಗ ಯಾವುದೆಂದು ಈಗ ಹೇಳಬಹುದು. ಕಥೆ ನಡೆಯುವ ಉತ್ತರದಲ್ಲಿ ಟೆವಿಂಟರ್ ಎಂಬ ಮಾಂತ್ರಿಕರ ಸಾಮ್ರಾಜ್ಯವಿದೆ. ಮೂರು ಆಟಗಳುದ್ದಕ್ಕೂ ನಾವು ಟೆವಿಂಟರ್ ಬಗ್ಗೆ ಕೇಳಿದ್ದು ಮುಖ್ಯವಾಗಿ ಒಂದು ವಿಷಯ: ಗುಲಾಮಗಿರಿ. ಒರಿಜಿನ್ಸ್‌ನಲ್ಲಿ ರಾಜಪ್ರತಿನಿಧಿ ಲೋಗೇನ್ ಯುದ್ಧದ ಖರ್ಚಿಗಾಗಿ ರಾಜಧಾನಿಯ ಕೇರಿಯ ಎಲ್ಫ್‌ಗಳನ್ನು ಟೆವಿಂಟರ್ ವ್ಯಾಪಾರಿಗಳಿಗೆ ಮಾರುತ್ತಾನೆ. ಎರಡನೆಯ ಆಟದಲ್ಲಿ ಫೆನ್ರಿಸ್ ಎಂಬ ಎಲ್ಫ್ ಬರುತ್ತಾನೆ. ಒಡೆಯ ಅವನ ಚರ್ಮದೊಳಗೆ ಲೋಹದಂಥ ಗೆರೆಗಳನ್ನು ಸುಟ್ಟು ಬರೆಸಿದ್ದಾನೆ. ಅವನು ತಪ್ಪಿಸಿಕೊಂಡವನು, ನೆನಪು ಕಳೆದುಕೊಂಡವನು. ಮೂರನೆಯದರಲ್ಲಿ ಡೋರಿಯನ್ ಇದ್ದಾನೆ. ಟೆವಿಂಟರ್‌ನ ಕುಲೀನ, ಹಾಸ್ಯಗಾರ, ಸಲಿಂಗಿಯೆಂಬ ಕಾರಣಕ್ಕೆ ಸ್ವಂತ ಅಪ್ಪನಿಂದಲೇ ನೋವುಂಡವನು. ಎಲ್ಲರಿಗೂ ಅಚ್ಚುಮೆಚ್ಚು. ಆ ಡೋರಿಯನ್‌ನನ್ನು ಗುಲಾಮಗಿರಿಯ ಬಗ್ಗೆ ಕೇಳಿದರೆ ತಡವರಿಸುತ್ತಾನೆ. ನಿಮ್ಮ ದಕ್ಷಿಣದ ಕೇರಿಗಳ ಬಡತನಕ್ಕಿಂತ ಅದು ಅಷ್ಟೇನು ಕೆಟ್ಟದೇ ಎಂಬರ್ಥದ ಮಾತಾಡುತ್ತಾನೆ. ತಾನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾನೆ. ಪ್ರೀತಿಪಾತ್ರನಾದ ಮನುಷ್ಯನ ಬಾಯಲ್ಲಿ ಆ ಮಾತು ಕೇಳುವುದು ಹಿಂಸೆ. ಹ್ಯಾರೋಮಾಂಟ್‌ನ ಸಭ್ಯತೆಯನ್ನು ಬರೆದ ಬಳಗವೇ ಇದನ್ನೂ ಬರೆದದ್ದು ಎಂದು ಥಟ್ಟನೆ ಗೊತ್ತಾಗುತ್ತದೆ.

ಹದಿನೈದು ವರ್ಷ ಕಾದ ಮೇಲೆ ವೇಲ್‌ಗಾರ್ಡ್ ನಮ್ಮನ್ನು ಟೆವಿಂಟರ್‌ನ ರಾಜಧಾನಿ ಮಿನ್ರಾಥಸ್‌ಗೆ ಕರೆದೊಯ್ಯುತ್ತದೆ. ಆಕಾಶಕ್ಕೆ ಏರಿದ ಗೋಪುರಗಳು, ಮಳೆಯಲ್ಲಿ ಹೊಳೆಯುವ ಬೀದಿಗಳು, ತೇಲುವ ಅರಮನೆ. ನೋಡಲು ಅದ್ಭುತ. ಗುಲಾಮಗಿರಿಯನ್ನು ವಿರೋಧಿಸುವ ಒಂದು ಗುಪ್ತ ಪಡೆಯೂ ಇದೆ, ನಾವು ಅದರ ಜೊತೆಗಿದ್ದೇವೆ. ಆದರೆ ಅದು ವಿರೋಧಿಸುವ ವಸ್ತು ಕಣ್ಣಿಗೆ ಬೀಳುವುದೇ ಅಪರೂಪ. ನನ್ನ ನಾಯಕಿಯನ್ನು ಎಲ್ಫ್ ಆಗಿ ರೂಪಿಸಿದ್ದೆ. ಆ ಊರಿನ ಬೀದಿಗಳಲ್ಲಿ ಎಷ್ಟೋ ಗಂಟೆ ನಡೆದೆ. ಯಾರೂ ತಡೆಯಲಿಲ್ಲ, ಯಾರ ಆಳು ನೀನು ಎಂದು ಕೇಳಲಿಲ್ಲ, ಎಲ್ಲರಂತೆ ಕಂಡರು. ಅಂಥ ಊರು ಇರಲಿ ಎಂದು ನಾನೂ ಬಯಸುತ್ತೇನೆ. ಆದರೆ ಅದು ಟೆವಿಂಟರ್ ಎನ್ನುವುದು ಸುಳ್ಳು. ಅನ್ಯಾಯವನ್ನು ಹೋರಾಟಗಾರರ ಬಾಯಿಮಾತಿಗೆ ಇಳಿಸಿ, ಬೀದಿಯಿಂದ ಅಳಿಸಿದರೆ ಆಟಗಾರ್ತಿಗೆ ಉಳಿಯುವುದು ಒಳ್ಳೆಯ ಪಕ್ಷದಲ್ಲಿದ್ದೇನೆಂಬ ನೆಮ್ಮದಿ ಮಾತ್ರ.

ಕ್ರೋಗಳೆಂಬ ಕೊಲೆಗಾರರ ಸಂಘದ್ದೂ ಇದೇ ಕಥೆ. ಮೊದಲ ಆಟದ ಜೆವ್ರನ್‌ನನ್ನು ಅವರು ಮಗುವಾಗಿದ್ದಾಗ ದುಡ್ಡು ಕೊಟ್ಟು ಕೊಂಡಿದ್ದರು. ಅವನು ಅದನ್ನು ನಗುನಗುತ್ತಾ ಹೇಳುತ್ತಾನೆ, ಕೇಳುವವರಿಗೆ ನಗು ಬರುವುದಿಲ್ಲ. ಈಗ ಅದೇ ಸಂಘ ಆಕ್ರಮಣಕಾರರಿಂದ ನಗರ ಕಾಯುವ ದೇಶಭಕ್ತರ ಪಡೆ. ಮಕ್ಕಳನ್ನು ಕೊಳ್ಳುವ ವ್ಯವಹಾರ ಏನಾಯಿತು ಎಂಬ ಪ್ರಶ್ನೆಯ ಮುಂದೆ ಕಥೆ ನಿಲ್ಲುವುದೇ ಇಲ್ಲ.

ಜೊತೆಗಾರರ ಬಗ್ಗೆಯೂ ಒಂದು ಮಾತು. ಒರಿಜಿನ್ಸ್‌ನಲ್ಲಿ ಪವಿತ್ರ ಭಸ್ಮವನ್ನು ಕೆಡಿಸಿದರೆ ಭಕ್ತೆ ಲೆಲಿಯಾನಾ ನಿಮ್ಮ ಮೇಲೆಯೇ ಬಾಣ ಹೂಡುತ್ತಾಳೆ. ಲೋಗೇನ್‌ನನ್ನು ಕ್ಷಮಿಸಿ ಪಡೆಗೆ ಸೇರಿಸಿಕೊಂಡರೆ, ಮೊದಲ ದಿನದಿಂದ ಜೊತೆಗಿದ್ದ ಅಲಿಸ್ಟೇರ್ ಬಿಟ್ಟುಹೋಗುತ್ತಾನೆ. ಸ್ನೇಹ ಕಳೆದುಕೊಳ್ಳಬಹುದಾದ ವಸ್ತುವಾಗಿತ್ತು, ಹಾಗಾಗಿ ಅದಕ್ಕೆ ತೂಕವಿತ್ತು. ವೇಲ್‌ಗಾರ್ಡ್‌ನ ನಾಯಕಿ ರೂಕ್ ಏನೇ ಆರಿಸಿದರೂ ಒಳ್ಳೆಯವಳೇ. ಸೌಮ್ಯವಾಗಿ ಒಳ್ಳೆಯವಳು, ತಮಾಷೆಯಾಗಿ ಒಳ್ಳೆಯವಳು, ಕಟುವಾಗಿ ಒಳ್ಳೆಯವಳು. ಜೊತೆಗಾರರ ನಡುವೆ ಮುನಿಸು ಬಂದರೆ ಕೂರಿಸಿ ಮಾತಾಡಿಸಿದರೆ ಮುಗಿಯಿತು. ಎಲ್ಲರೂ ತಮ್ಮ ಭಾವನೆಗಳನ್ನು ಪೂರ್ಣ ವಾಕ್ಯಗಳಲ್ಲಿ ವಿವರಿಸುತ್ತಾರೆ. ಕಥೆಯೊಳಗೆ ಮೌನಕ್ಕೆ ಜಾಗವೇ ಇಲ್ಲ. ಒಂದು ಆಯ್ಕೆ ಮಾಡಿದರೆ, ಅದರಿಂದ ಏನಾಯಿತೆಂದು ಪರದೆಯ ಮೇಲೆ ಬರಹ ಮೂಡಿ ತಿಳಿಸುತ್ತದೆ. ಓರ್ಜಮಾರ್‌ನಲ್ಲಿ ಇಂಥ ಚೀಟಿ ಬಂದಿದ್ದರೆ ಮಾರನೆಯ ಬೆಳಿಗ್ಗೆ ನಾನು ಕೊಟ್ಟಿಗೆಯ ಹತ್ತಿರ ನಿಲ್ಲುತ್ತಿರಲಿಲ್ಲ.

*

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಈ ಆಟದ ಮೇಲೆ ಬಂದ ಬೈಗುಳಗಳಲ್ಲಿ ಒಂದು ದೊಡ್ಡ ಪಾಲು ತಾಶ್ ಎಂಬ ಪಾತ್ರದ ಮೇಲಿನದು. ಗಂಡೂ ಅಲ್ಲದ ಹೆಣ್ಣೂ ಅಲ್ಲದ ತನ್ನ ಅಸ್ತಿತ್ವವನ್ನು ಕಂಡುಕೊಳ್ಳುವ ಪಾತ್ರ ಅದು. ಆ ಬೈಗುಳಗಳ ಜೊತೆ ನನ್ನ ಬೇಸರವನ್ನು ಸೇರಿಸಬೇಡಿ. ಡ್ರ್ಯಾಗನ್ ಏಜ್‌ನಲ್ಲಿ ಇಂಥವರು ಮೊದಲಿನಿಂದಲೂ ಇದ್ದಾರೆ. ಇನ್ಕ್ವಿಸಿಷನ್‌ನ ಡೋರಿಯನ್, ಕ್ರೆಮ್ ಆ ಆಟದ ಅತ್ಯುತ್ತಮ ಬರವಣಿಗೆಯ ಭಾಗ. ತಾಶ್ ಪಾತ್ರಕ್ಕೆ ಆಗಿರುವ ಅನ್ಯಾಯ ಬೇರೆ ಥರದ್ದು: ಉಳಿದೆಲ್ಲರ ಹಾಗೆ ಅವರೂ ತಮ್ಮನ್ನು ವಿವರಿಸಿಕೊಳ್ಳುವುದರಲ್ಲೇ ಕಳೆದುಹೋಗುತ್ತಾರೆ.

ಎರಡನೆಯದು, ಈ ಆಟ ಹೀಗಾಗಿದ್ದಕ್ಕೆ ಬರೆದವರನ್ನಷ್ಟೇ ದೂರಿದರೆ ತಪ್ಪು. ಇದರ ಮೊದಲ ರೂಪವನ್ನು 2017ರಲ್ಲಿ ಕೈಬಿಡಲಾಯಿತು. ಆಮೇಲೆ ಹಲವರು ಒಟ್ಟಿಗೆ ಆನ್‌ಲೈನಿನಲ್ಲಿ ಆಡುವ, ನಿರಂತರ ಹಣ ತರುವ ಆಟವನ್ನಾಗಿ ಕಟ್ಟತೊಡಗಿದರು. ಕೆಲವು ವರ್ಷಗಳ ನಂತರ ಅದನ್ನೂ ಬಿಟ್ಟು ಮತ್ತೆ ಒಬ್ಬರೇ ಆಡುವ ಕಥೆಯತ್ತ ತಿರುಗಿಸಿದರು. 2023ರ ಆಗಸ್ಟ್‌ನಲ್ಲಿ ಸುಮಾರು ಐವತ್ತು ಜನರನ್ನು ಕಂಪನಿ ಕೆಲಸದಿಂದ ತೆಗೆಯಿತು. ಸರಣಿಯನ್ನು ಮೊದಲಿನಿಂದ ಬರೆದ ಹಿರಿಯ ಬರಹಗಾರರೂ ಅವರಲ್ಲಿದ್ದರು. 2025ರ ಜನವರಿಯಲ್ಲಿ ಒಡೆಯ ಸಂಸ್ಥೆ ಎಲೆಕ್ಟ್ರಾನಿಕ್ ಆರ್ಟ್ಸ್ ಸುಮಾರು 15 ಲಕ್ಷ ಜನ ಆಟ ಆಡಿದ್ದಾರೆ, ನಿರೀಕ್ಷೆಗಿಂತ ಇದು ಹತ್ತಿರಹತ್ತಿರ ಅರ್ಧದಷ್ಟು ಕಡಿಮೆ ಎಂದು ಹೇಳಿತು. ಮನೆಯ ಹಿರಿಯರನ್ನು ಹೊರಗೆ ಕಳಿಸಿ ಮನೆತನದ ಕಥೆ ಹೇಳಿ ಎಂದರೆ ಯಾರು ಹೇಳಬೇಕು?

ಒಳ್ಳೆಯದೂ ಇದೆ. ಎಮ್ರಿಕ್ ಎಂಬ ಮುದಿ ಮಾಂತ್ರಿಕನ ಕಥೆ ನನ್ನನ್ನು ಕಾಡಿತು. ಸತ್ತವರ ಜೊತೆ ಮಾತಾಡುವುದೇ ಅವನ ವಿದ್ಯೆ, ಆದರೆ ತನ್ನ ಸಾವೆಂದರೆ ಅವನಿಗೆ ಗಾಬರಿ. ಮ್ಯಾನ್‌ಫ್ರೆಡ್ ಎಂಬ ಅಸ್ಥಿಪಂಜರವೊಂದನ್ನು ಮಗನಂತೆ ಸಾಕಿದ್ದಾನೆ. ಕೊನೆಗೆ ಅವನ ಮುಂದೆ ಎರಡು ದಾರಿ: ಜೀವನವಿಡೀ ಬಯಸಿದ ಅಮರತ್ವ, ಅಥವಾ ಮ್ಯಾನ್‌ಫ್ರೆಡ್‌ನ ಮರುಜೀವ. ಎರಡೂ ಸಿಗುವುದಿಲ್ಲ. ಇಲ್ಲಿ ಹಳೆಯ ಕೈ ಕಾಣಿಸುತ್ತದೆ. ಯಾವುದನ್ನು ಆರಿಸಿದರೂ ಇನ್ನೊಂದಕ್ಕಾಗಿ ಕೊರಗಬೇಕು.

*

ಕೊರಗು ಎಂದೆ. ವೇಲ್‌ಗಾರ್ಡ್ ಇಡಿಯಾಗಿ ಕಟ್ಟಿಕೊಂಡಿರುವುದೂ ಅದೇ ವಸ್ತುವಿನ ಮೇಲೆ, ಮತ್ತು ನನ್ನ ನಿಜವಾದ ತಕರಾರು ಇರುವುದೂ ಅಲ್ಲಿಯೇ.

ಪ್ರತಿನಾಯಕ ಸೋಲಸ್ ಒಬ್ಬ ಪುರಾತನ ಎಲ್ಫ್. ಸಾವಿರಾರು ವರ್ಷಗಳ ಹಿಂದೆ ತನ್ನ ಜನರನ್ನು ದಾಸ್ಯದಿಂದ ಬಿಡಿಸಲು ಹೋಗಿ ಅವರ ಲೋಕವನ್ನೇ ಕೆಡಿಸಿದವನು. ಆ ತಪ್ಪನ್ನು ಸರಿಪಡಿಸಲು ಈಗಿನ ಲೋಕವನ್ನು ಕೆಡಿಸಲೂ ಸಿದ್ಧ. ಅವನು ದೇವತೆಗಳಿಗಾಗಿ ಕಟ್ಟಿದ ಸೆರೆಮನೆಯ ಗೋಡೆಗಳು ಪಶ್ಚಾತ್ತಾಪದವು. ಆಟದ ಕೊನೆಯ ಭಾಗದಲ್ಲಿ ಅವನು ಮೋಸದಿಂದ ರೂಕ್‌ಳನ್ನು ಆ ಸೆರೆಗೆ ತಳ್ಳುತ್ತಾನೆ. ಅಲ್ಲಿ ಅವಳಿಗೆ ತಿಳಿಯುತ್ತದೆ: ಇಷ್ಟು ದಿನ ಪಕ್ಕದ ಕೋಣೆಯಲ್ಲಿ ಮಲಗಿ ತನಗೆ ಬುದ್ಧಿ ಹೇಳುತ್ತಿದ್ದ ಹಿರಿಯ ಗೆಳೆಯ ವ್ಯಾರಿಕ್ ಮೊದಲ ದಿನವೇ ಸೋಲಸ್ ಕೈಯಲ್ಲಿ ಸತ್ತಿದ್ದ. ಸೋಲಸ್ ಅವಳ ನೆನಪನ್ನು ಕೆಡಿಸಿದ್ದರಿಂದ ಅದು ಅವಳಿಗೆ ಗೊತ್ತಿರಲಿಲ್ಲ. ಸೆರೆಯಿಂದ ಹೊರಬರಲು ಒಂದೇ ದಾರಿ. ತನ್ನ ನಿರ್ಧಾರದಿಂದ ಸತ್ತವರ ಮುಂದೆ, ಸೆರೆಯಾದವರ ಮುಂದೆ ಒಬ್ಬೊಬ್ಬರಾಗಿ ನಿಲ್ಲಬೇಕು. ನಡೆದದ್ದು ನಡೆದಿದೆ, ಅದು ನನ್ನದು ಎಂದು ಒಪ್ಪಬೇಕು.

ಇದು ಇಡೀ ಸರಣಿಯಲ್ಲೇ ಅತ್ಯಂತ ಬಲವಾದ ದೃಶ್ಯಗಳಲ್ಲಿ ಒಂದು. ಆಡುವಾಗ ನನ್ನ ಕಣ್ಣು ತುಂಬಿತ್ತು. ಹಾಗಿದ್ದೂ ಸಿಟ್ಟು ಬಂತು. ಆ ಸೆರೆಯಲ್ಲಿ ರೂಕ್‌ಳ ಮೂವತ್ತು-ನಲವತ್ತು ಗಂಟೆಗಳ ಪಶ್ಚಾತ್ತಾಪ ಮಾತ್ರ ಇತ್ತು. ನನ್ನದು ಇರಲಿಲ್ಲ. ಹ್ಯಾರೋಮಾಂಟ್‌ನ ತಲೆಯ ಮೇಲೆ ಕಿರೀಟ ಇಟ್ಟ ಕೈ, ಸಾಯಲು ಹೆದರಿ ಹುಟ್ಟಿಸಿದ ಮಗು, ಇವನ್ನೆಲ್ಲ ಈ ಆಟ ಮೊದಲ ಪುಟದಲ್ಲೇ ಒರೆಸಿಹಾಕಿತ್ತು. ತಪ್ಪನ್ನು ಮರೆಯದೆ ಹೊತ್ತು ನಡೆಯಬೇಕೆಂದು ಬೋಧಿಸುವ ಕಥೆ ತನ್ನ ಆಟಗಾರರ ತಪ್ಪುಗಳನ್ನೆಲ್ಲ ತಾನೇ ಮರೆತು ಕೂತಿದೆ. ಸೋಲಸ್ ರೂಕ್‌ಗೆ ಮಾಡಿದ್ದನ್ನು ಆಟ ನಮಗೆ ಮಾಡಿದೆ.

ಬರೀ ಗೆಲುವುಗಳನ್ನು ಮರೆತಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗೆಲುವು ಎಲ್ಲ ಆಟಗಳಲ್ಲೂ ಸಿಗುತ್ತದೆ. ತಪ್ಪಿಗೆ ಸಾಕ್ಷಿಯಾಗಿ ನಿಲ್ಲುವ ಆಟ ಅಪರೂಪ. ಮನೆಯಲ್ಲಿ ನಮ್ಮ ತಪ್ಪುಗಳಿಗೆ ಸಾಕ್ಷಿ ಹೇಳುವವರಿಲ್ಲ. ಕೊಟ್ಟಿಗೆಯ ಗೂಡನ್ನು ನಾಲ್ಕು ವರ್ಷಗಳ ಹಿಂದೆ ರಿಪೇರಿ ಮಾಡುವಾಗ ಸಿಮೆಂಟು ತುಂಬಿ ಮುಚ್ಚಿದರು. ಈಗ ಕೆಲಸಕ್ಕೆ ಬರುವವರಿಗೆ ಪೇಪರ್ ಲೋಟ. ಅಮ್ಮನನ್ನು ಕೇಳಿದೆ. “ಅದೆಲ್ಲಾ ಈಗ ಎಲ್ಲಿದೆ? ಹಳೇ ಕಾಲದ್ದು,” ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗೋಡೆ ನೋಡಿದರೆ ಅಲ್ಲೊಂದು ಗೂಡಿತ್ತು ಎಂದು ನನಗೂ ಅನ್ನಿಸುವುದಿಲ್ಲ. ಅಜ್ಜ ತೀರಿಹೋಗಿ ಆರು ವರ್ಷ. ಅವರನ್ನು ನಾನು ಕೇಳಲೇ ಇಲ್ಲ. ಕೇಳಬಹುದಾಗಿದ್ದ ವರ್ಷಗಳಲ್ಲಿ ಅವರ ಮೃದು ದನಿ ನನ್ನ ಬಾಯಿ ಕಟ್ಟುತ್ತಿತ್ತು.

ವೇಲ್‌ಗಾರ್ಡ್ ಮುಗಿಸಿದ ಮೇಲೆ ಒರಿಜಿನ್ಸ್ ಅನ್ನು ಮತ್ತೆ ಹಾಕಿದೆ. ಚಿತ್ರಗಳು ಮಸುಕು, ಹೋರಾಟ ನಿಧಾನ, ನೆಲದಡಿಯ ದಾರಿಗಳು ಬೇಸರ ಬರುವಷ್ಟು ಉದ್ದ. ಈ ಸಲ ಮುಖದ ಮೇಲೆ ಗುರುತು ಹಾಕಿಸಿಕೊಂಡ, ಜಾತಿಯಿಲ್ಲದ ಹುಡುಗಿಯಾಗಿ ಆಡುತ್ತಿದ್ದೇನೆ. ಅವಳ ಅಕ್ಕ ಬೇಲೆನ್‌ನ ಮಗುವಿನ ತಾಯಿ. ಹ್ಯಾರೋಮಾಂಟ್ ಮೊದಲಿನಷ್ಟೇ ಸಭ್ಯ. ಬೇಲೆನ್ ಮೊದಲಿನಷ್ಟೇ ಕ್ರೂರಿ. ಮೊನ್ನೆ ರಾತ್ರಿ ಸಭೆಯ ಬಾಗಿಲವರೆಗೆ ಹೋಗಿ, ಕಿರೀಟ ಕೈಯಲ್ಲಿಟ್ಟುಕೊಂಡು, ಅಲ್ಲಿಗೇ ನಿಲ್ಲಿಸಿದ್ದೇನೆ. ಯಾರಿಗೆ ಕೊಡುತ್ತೇನೆಂದು ಗೊತ್ತಿದೆ. ಕೊಟ್ಟ ಮರುಕ್ಷಣ ಆ ಮುದುಕನನ್ನು ಕೊಲ್ಲಲು ಎಳೆದೊಯ್ಯುತ್ತಾರೆ ಎಂಬುದೂ ಗೊತ್ತಿದೆ. ಆಗ ಅವನ ಮುಖವನ್ನು ನೋಡಬೇಕಾಗುತ್ತದೆ.